ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೇವೆ. ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ತಿಳಿಯೋದು ಹೇಗೆ?

ಅಪ್ಪನನ್ನು ಸೇರಿಸಿ ಒಂದು ವಾರ ಆಯ್ತು, ಹೋದಾಗಲೆಲ್ಲ "ಮನೆಗೆ ಕರ್ಕೊಂಡು ಹೋಗು" ಅಂತ ಅಳುತ್ತಾರೆ, ವಾಪಸ್ ಕರೆತರಬೇಕಾ ಎಂದು ಕೇಳಿದ್ದೀರಿ. ನನ್ನ ಅಮ್ಮ ಪಾರ್ಶ್ವವಾಯು ಆದ ಮೇಲೆ ಅಂಥ ಒಂದು ಕೇಂದ್ರದಲ್ಲಿ ಮೂರು ವರ್ಷ ಇದ್ದರು. ನಿಮ್ಮ ಪ್ರಶ್ನೆ ಓದಿದಾಗ ಆ ಮೊದಲ ವಾರ ಹಾಗೇ ಕಣ್ಣ ಮುಂದೆ ಬಂತು.

ಒಂದೇ ವಾರಕ್ಕೆ ತೀರ್ಮಾನ ಮಾಡಬೇಡಿ. ಹಾಸಿಗೆ, ಕಿಟಕಿ, ಬಾತ್‌ರೂಮಿಗೆ ಹೋಗುವ ದಾರಿ, ಮುಟ್ಟಿ ಎಬ್ಬಿಸುವ ಕೈ, ಎಲ್ಲವೂ ಒಟ್ಟಿಗೆ ಬದಲಾಗಿದೆ ಅವರಿಗೆ. ಅಮ್ಮ ಹೊಂದಿಕೊಳ್ಳೋಕೆ ಎರಡು ತಿಂಗಳು ಹಿಡಿಯಿತು. ಹಾಗಂತ "ಸ್ವಲ್ಪ ದಿನ ಹೀಗೇ, ಆಮೇಲೆ ಸರಿಹೋಗುತ್ತೆ" ಎಂದು ಅಳುವನ್ನು ತಳ್ಳಿಹಾಕಲೂ ಬೇಡಿ. ಒಂದು ಸಂಜೆ ಅಮ್ಮನ ಪಕ್ಕ ಸುಮ್ನೆ ಕೂತಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಮೆಲ್ಲಗೆ ಹೇಳಿದರು: ರಾತ್ರಿ ಲೈಟ್ ಆರಿಸಿಬಿಡುತ್ತಾರೆ, ಎಚ್ಚರ ಆದಾಗ ಬಾಗಿಲು ಯಾವ ಕಡೆ ಅಂತಾನೇ ಗೊತ್ತಾಗಲ್ಲ. ಮರುದಿನ ಒಂದು ಚಿಕ್ಕ ರಾತ್ರಿ ದೀಪ ಹಾಕಿಸಿದೆವು. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ರಾತ್ರಿಯ ಭಯ ಹೋಯಿತು. ನಿಮ್ಮ ಅಪ್ಪನ ಮಾತಿನ ಒಳಗೂ ಇಂಥದ್ದು ಏನೋ ಇರಬಹುದು. ಕೂತು ಕೇಳಿ.

ಇನ್ನು ಆರೈಕೆಯ ವಿಷಯ. ನಾವು ಮೊದಲು ಮಾಡಿದ ತಪ್ಪು ಅಂದರೆ ಪ್ರತಿ ಭಾನುವಾರ ಒಂದೇ ಹೊತ್ತಿಗೆ ಹೋಗುತ್ತಿದ್ದದ್ದು. ಆ ಹೊತ್ತಿಗೆ ಅಮ್ಮನ ತಲೆ ಬಾಚಿರುತ್ತಿತ್ತು, ಹಾಸಿಗೆ ಶುಭ್ರವಾಗಿರುತ್ತಿತ್ತು. ನಾವು ಸಮಾಧಾನದಿಂದ ವಾಪಸ್ ಬರುತ್ತಿದ್ದೆವು. ಒಂದು ದಿನ ಕಾಲು ತಣ್ಣಗಿದೆಯಾ ಎಂದು ನೋಡೋಕೆ ಅಮ್ಮನ ಕಾಲುಚೀಲ ತೆಗೆದೆ. ಬಲ ಹಿಮ್ಮಡಿಯಲ್ಲಿ ನಾಣ್ಯದಷ್ಟು ಅಗಲ ಕಪ್ಪಾಗಿತ್ತು. ಅಂಚು ಮೆತ್ತಗಿತ್ತು. ಬಲಗಾಲಿಗೆ ಸ್ವಾಧೀನ ಇರಲಿಲ್ಲ, ಅದು ಇಟ್ಟ ಕಡೆಯೇ ಇರುತ್ತಿತ್ತು. ಹಿಮ್ಮಡಿಯ ಮೇಲೆ ಭಾರ ಬಿದ್ದು ಬಿದ್ದು ಒಳಗಿನಿಂದಲೇ ಹುಣ್ಣಾಗುತ್ತಿತ್ತು. ಕಾಲುಚೀಲದ ಮೇಲಿಂದ ಯಾರಿಗೂ ಕಂಡಿರಲಿಲ್ಲ. ಅದು ಮಾಯೋಕೆ ನಾಲ್ಕು ತಿಂಗಳು ಬೇಕಾಯಿತು.

ಹೀಗೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣಿಗೆ ಬೆಡ್ ಸೋರ್ ಅನ್ನುತ್ತಾರೆ. ಅದರ ಬಗ್ಗೆ ಅವತ್ತಿನಿಂದ ಕಲಿತದ್ದನ್ನು ಹೇಳುತ್ತೇನೆ. ತಾವಾಗಿ ಹೊರಳೋಕೆ ಆಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಅದನ್ನು ಮರೆಯುವಂತಿಲ್ಲ. ವೀಲ್‌ಚೇರಿನಲ್ಲಿ ಕೂತವರನ್ನು ಇನ್ನೂ ಬೇಗ ಬೇಗ ಸ್ವಲ್ಪ ಎತ್ತಿ ಸರಿಸಿ ಕೂರಿಸಬೇಕು. ಹಿಮ್ಮಡಿ, ಬೆನ್ನಿನ ಕೆಳತುದಿ, ಸೊಂಟದ ಎರಡೂ ಪಕ್ಕ, ಮೊಣಕೈ ಇವೆಲ್ಲ ನೋಡಬೇಕಾದ ಜಾಗಗಳು. ಕೆಂಪಾಗಿ ಕಂಡ ಕಡೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಕೆಂಪು ಮಾಯವಾಗದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ತಿಳಿದು ಅವತ್ತೇ ಸಿಸ್ಟರ್‌ಗೆ ತೋರಿಸಿ. ಚರ್ಮ ಕಪ್ಪಗಿದ್ದರೆ ಬಣ್ಣ ಅಷ್ಟು ಗೊತ್ತಾಗಲ್ಲ. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ನೋಯುತ್ತಾ ಎಂದು ಮುಟ್ಟಿ ನೋಡಬೇಕು.

ಕಾಲು ನೋಡಿದ ಮೇಲೆ ನೀರಿನ ಲೋಟ ನೋಡಿ. ಅಮ್ಮನ ಲೋಟ ದಿನಾ ತುಂಬಿಟ್ಟೇ ಇರುತ್ತಿತ್ತು, ಆದರೆ ಇಡುತ್ತಿದ್ದದ್ದು ಬಲಗಡೆ. ಆ ಕೈ ಏಳುತ್ತಿರಲಿಲ್ಲ! ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೇ ಕಡಿಮೆ, ಕೇಳಿ ಕುಡಿಯೋದು ಅಪರೂಪ. ಲೋಟ ಕೈಗೆ ಸಿಗುತ್ತಾ, ಕಿವಿ ಮಷೀನ್ ಕಿವಿಯಲ್ಲಿದೆಯಾ ಅಥವಾ ಡ್ರಾಯರಿನಲ್ಲಿದೆಯಾ, ಕನ್ನಡಕ, ಹಲ್ಲಿನ ಸೆಟ್ ಅವರದ್ದೇ ತಾನೇ, ಇಷ್ಟು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಊಟದ ಹೊತ್ತಿಗೂ ಒಮ್ಮೆ ಹೋಗಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಆಹಾರ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು, ತಿಂದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ತಿಂಗಳಿಗೊಮ್ಮೆ ತೂಕ ಕೇಳಿ ಬರೆದಿಡಿ. 60 ಕೆಜಿ ಇದ್ದವರು ಒಂದೇ ತಿಂಗಳಲ್ಲಿ 3 ಕೆಜಿ ಇಳಿದರೆ ಯಾಕೆ ಎಂದು ಕೇಳಬೇಕು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ನೆನಪಿಡಿ. ಅಮ್ಮ ಒಮ್ಮೆ ಎರಡೇ ದಿನದಲ್ಲಿ ಪೂರ್ತಿ ಮಂಕಾದರು. ನನ್ನನ್ನು ತಮ್ಮ ಅಕ್ಕ ಅಂದುಕೊಂಡರು. "ವಯಸ್ಸಾಯ್ತಲ್ಲ, ಹೀಗೇ ಆಗುತ್ತೆ" ಅಂದರು ಅಲ್ಲಿನವರು. ನಾನೂ ನಂಬಿದೆ. ಮೂರನೇ ದಿನ ಜ್ವರ ಬಂದಾಗ ಮೂತ್ರ ಪರೀಕ್ಷೆ ಮಾಡಿದರು, ಸೋಂಕು ಇತ್ತು. ಔಷಧಿ ಶುರುವಾಗಿ ಕೆಲವು ದಿನಕ್ಕೆ ಅಮ್ಮ ಮತ್ತೆ ನನ್ನ ಹೆಸರು ಹಿಡಿದು ಕರೆದರು. ಮರೆವಿನ ಕಾಯಿಲೆ ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ಗೊಂದಲ ಶುರುವಾದರೆ, ಅಥವಾ ಇದ್ದಕ್ಕಿದ್ದಂತೆ ಮಾತು ನಿಂತು ಬರೀ ನಿದ್ದೆ ಮಾಡುತ್ತಿದ್ದರೆ, ಸೋಂಕೋ, ನೀರು ಸಾಲದ್ದೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಕಾರಣ ಇರಬಹುದು. ಅವತ್ತೇ ಡಾಕ್ಟರ್ ನೋಡಬೇಕು. ನಿದ್ದೆ ಮಾತ್ರೆ ಹೊಸದಾಗಿ ಸೇರಿಸಿದ್ದಾರಾ ಅಂತಲೂ ಕೇಳಿ, ಅದರಿಂದ ಬೀಳುವ ಅಪಾಯವೂ ಜಾಸ್ತಿ.

ಹಿಮ್ಮಡಿ ನೋಡಿದ ದಿನ ನಾನು ಅಲ್ಲಿನ ಆಯಾ ಮೇಲೆ ಕೂಗಾಡಿದ್ದೆ. ಇವತ್ತಿಗೂ ಅದಕ್ಕೆ ಬೇಜಾರಿದೆ. ಆ ರಾತ್ರಿ ಪಾಳಿಯಲ್ಲಿ ಹದಿನೆಂಟು ಜನಕ್ಕೆ ಅವರು ಇಬ್ಬರೇ ಇದ್ದರಂತೆ. ಮೇಲಿನವರ ಹತ್ತಿರ ಕೇಳಬೇಕಾದ್ದನ್ನು ಅವರ ಹತ್ತಿರ ಕೇಳಿದ್ದೆ. ಆಮೇಲೆ ಅದೇ ಆಯಾ ಅಮ್ಮನಿಗೆ ಎಡಗೈಲಿ ಚಮಚ ಹಿಡಿಯೋದು ಕಲಿಸಿದರು. ನೀವೂ ಅಪ್ಪನನ್ನು ನೋಡಿಕೊಳ್ಳುವವರ ಹೆಸರು ತಿಳಿದುಕೊಳ್ಳಿ, ಅಪ್ಪ ಏನು ಕೆಲಸ ಮಾಡುತ್ತಿದ್ದರು, ಯಾವ ಮಾತಿಗೆ ನಗುತ್ತಾರೆ ಅಂತ ಅವರಿಗೆ ಹೇಳಿ. ನಾವು ಒಂದು ಹಾಳೆಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ್ದೆವು. "ಬಲಕಿವಿ ಕೇಳಿಸಲ್ಲ, ಎಡಗಡೆಯಿಂದ ಮಾತಾಡಿ" ಎಂಬ ಒಂದೇ ಸಾಲು ತುಂಬ ಉಪಯೋಗ ಆಯಿತು. ದೂರು ಇದ್ದರೆ ಮ್ಯಾನೇಜರಿಗೆ ತಾರೀಖು ಹಾಕಿ ಬರೆದೇ ಕೊಡಿ. ರಾತ್ರಿ ಎಷ್ಟು ಜನ ಇರುತ್ತಾರೆ ಎಂದು ನೇರವಾಗಿ ಕೇಳಿ.

ಬೇರೆ ಕಡೆ ಕರೆದುಕೊಂಡು ಹೋಗಬೇಕಾದ ಸಂದರ್ಭವೂ ಇದೆ. ಮೈಮೇಲೆ ಗಾಯ ಇದ್ದು ಕಾರಣ ಯಾರೂ ಹೇಳದಿದ್ದರೆ, ಯಾರೋ ಒಬ್ಬರು ರೂಮಿಗೆ ಬಂದ ಕೂಡಲೇ ಅಪ್ಪ ಮುದುಡಿಕೊಂಡರೆ, ಹೇಳದೆ ಹೋದಾಗ ಒಳಗೆ ಬಿಡದಿದ್ದರೆ, ಕಾಯಬೇಡಿ.

ನಾವು ಅಣ್ಣತಮ್ಮಂದಿರು ವಾರವನ್ನು ಹಂಚಿಕೊಂಡೆವು, ಒಬ್ಬ ಬೆಳಿಗ್ಗೆ ಬೇಗ, ಇನ್ನೊಬ್ಬ ರಾತ್ರಿ ಊಟ ಆದ ಮೇಲೆ. ದೂರದಲ್ಲಿದ್ದ ತಂಗಿ ಫೋನಿನಲ್ಲೇ ಮಾತ್ರೆಗಳ ಪಟ್ಟಿ ನೋಡಿಕೊಳ್ಳುತ್ತಿದ್ದಳು. ಎಲ್ಲ ನೀವೊಬ್ಬರೇ ಹೊರಬೇಡಿ. ನಾಳೆ ಹೋದಾಗ ಅಪ್ಪನ ಎರಡೂ ಕಾಲುಚೀಲ ಬಿಚ್ಚಿ ನೋಡಿ. ಹೇಗೂ ಕಾಲು ಕೈಯಲ್ಲಿರುತ್ತದಲ್ಲ, ಸ್ವಲ್ಪ ಎಣ್ಣೆ ಸವರಿ. ನನ್ನ ಅಮ್ಮ ಅದಕ್ಕೇ ಕಾಯುತ್ತಿದ್ದರು.