ಟ್ರೀಟಿ ಅಂದರೆ ಏನು? ಅಗ್ರಿಮೆಂಟ್, ಪ್ಯಾಕ್ಟ್, ಕನ್ವೆನ್ಷನ್‌ಗಳಿಗೂ ಅದಕ್ಕೂ ಏನು ವ್ಯತ್ಯಾಸ?

ಪ್ರತಿ ಪದಕ್ಕೂ ಒಂದೊಂದು ಕನ್ನಡ ಪದ ಕೊಟ್ಟು ವ್ಯತ್ಯಾಸದ ಪಟ್ಟಿ ಮಾಡಿಕೊಡಿ ಅಂತ ಕೇಳಿದ್ದೀರಿ. ಪರೀಕ್ಷೆಗೆ ಬರೆದುಕೊಂಡ ಒಂದು ವಾಕ್ಯವನ್ನೂ ಜೊತೆಗೆ ಹಾಕಿದ್ದೀರಿ: "ಭಾರತ ಅನೇಕ ಟ್ರೀಟಿಗಳಿಗೆ ಸಹಿ ಹಾಕಿರುವುದರಿಂದ ಅವುಗಳನ್ನು ಪಾಲಿಸಲೇಬೇಕು." ನಾನು ಉತ್ತರ ಬರೆಯಲು ಕೂತದ್ದು ಆ ವಾಕ್ಯ ನೋಡಿ. ಹೆಚ್ಚುಕಡಿಮೆ ಅದೇ ವಾಕ್ಯವನ್ನು ನಾನೂ ಬರೆದಿದ್ದೆ. ಅದು 2,000 ಪ್ರತಿ ಅಚ್ಚಾಗಿತ್ತು.

2009ರ ಮಾತು. ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಅನುವಾದ ಮಾಡಿಕೊಂಡಿದ್ದೆ. ಊರು ಅರಸೀಕೆರೆ ಕಡೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಿಮ್ಮ ಹಾಗೇ ಪಟ್ಟಿ ಇಟ್ಟುಕೊಂಡಿದ್ದೆ. ಟ್ರೀಟಿಗೆ ಒಪ್ಪಂದ, ಅಗ್ರಿಮೆಂಟಿಗೆ ಕರಾರು, ಪ್ಯಾಕ್ಟಿಗೆ ಒಡಂಬಡಿಕೆ, ಅಕಾರ್ಡಿಗೆ ಸಮ್ಮತಿ, ಕನ್ವೆನ್ಷನ್ನಿಗೆ ಸಮಾವೇಶ. ಪಟ್ಟಿ ಪೂರ್ತಿಯಾದ ದಿನ ಈ ವಿಷಯ ನನ್ನ ಕೈಗೆ ಬಂತು ಅಂತ ನಂಬಿದ್ದೆ.

ಕೈದಿಗಳ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆ ಇಂಗ್ಲಿಷ್ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ಮಾಡಿಕೊಡಿ ಅಂತ ಕೊಟ್ಟಿತು. ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆ 1984ರಲ್ಲಿ ಅಂಗೀಕರಿಸಿದ ಕನ್ವೆನ್ಷನ್ ಕುರಿತದ್ದು. 40 ಪುಟ, 18,000 ರೂಪಾಯಿ. ಇದು ಚೆನ್ನಾಗಿ ಬಂದರೆ ಇನ್ನೂ ಐದು ಪುಸ್ತಕ ಕೊಡುತ್ತೇವೆ ಅಂದಿದ್ದರು. ಅಂದರೆ ನನಗೆ ಒಂದು ವರ್ಷದ ಅನ್ನ.

ಕನ್ವೆನ್ಷನ್ನನ್ನು ಸಮಾವೇಶ ಅಂತ ಬರೆದದ್ದನ್ನು ಕರಡು ತಿದ್ದಿದವರು ಹಿಡಿದರು. ಸಮಾವೇಶ ಅಂದರೆ ಜನ ಸೇರುವುದು, ಇದು ಜನ ಸೇರಿದ್ದಲ್ಲ, ದೇಶಗಳು ಒಪ್ಪಿ ಬರೆದುಕೊಂಡದ್ದು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದ್ದರು. ತಿದ್ದಿದೆ. (ಇವತ್ತಿಗೂ ಪರೀಕ್ಷಾ ಕೈಪಿಡಿಗಳಲ್ಲಿ "ಜಿನೀವಾ ಸಮಾವೇಶ" ಅಂತ ಕಾಣುತ್ತದೆ. ಯುದ್ಧಕಾಲದ ನಡವಳಿಕೆಯ ಬಗೆಗಿನ 1949ರ ಆ ನಾಲ್ಕೂ ದಾಖಲೆಗಳು ಒಡಂಬಡಿಕೆಗಳು. ನೀವು ಹಾಗೆ ಬರೆಯಬೇಡಿ.) ಅವರಿಗೂ ಕಾಣದೆ ಉಳಿದದ್ದು 11ನೇ ಪುಟದ ವಾಕ್ಯ.

ಇಂಗ್ಲಿಷಿನಲ್ಲಿ ಇದ್ದದ್ದು, ಭಾರತ ಈ ಕನ್ವೆನ್ಷನ್ನಿನ "ಸಿಗ್ನೇಟರಿ" ಅಂತ. ಸಹಿ ಹಾಕಿದ ದೇಶ, ಅಷ್ಟೇ. ನಾನು ಬರೆದದ್ದು: "ಭಾರತವು ಈ ಒಪ್ಪಂದಕ್ಕೆ ಒಳಪಟ್ಟಿದೆ." ಯಾಕೆ ಹಾಗೆ ಬರೆದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಥ ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಸಿಗ್ನೇಟರಿ ಅಂದರೆ ಸಹಿದಾರ ಅಂತ ನನ್ನ ಪಟ್ಟಿಯಲ್ಲೇ ಇತ್ತು. ಆದರೆ ಆ ಪುಟದಲ್ಲಿ ಅದಾಗಲೇ ಮೂರು ಸಲ "ಸಹಿ" ಬಂದಿತ್ತು. ನಾಲ್ಕನೆಯದು ಕಿವಿಗೆ ಚೆನ್ನಾಗಿ ಕೇಳಲಿಲ್ಲ. ಭಾಷೆ ಓಡಲಿ ಅಂತ ಬದಲಿಸಿದೆ. ಸಹಿ ಹಾಕಿದ ಮೇಲೆ ಒಳಪಟ್ಟ ಹಾಗೇ ಅಲ್ಲವೇ, ಎರಡೂ ಒಂದೇ ಅಂದುಕೊಂಡೆ. ಆ "ಒಂದೇ" ಅನ್ನುವುದೇ ಸುಳ್ಳು. ಪುಸ್ತಕವನ್ನು ಬರೆದದ್ದೇ ಭಾರತ ಸಹಿ ಹಾಕಿದೆ ಆದರೆ ಇನ್ನೂ ಒಳಪಟ್ಟಿಲ್ಲ, ಒಳಪಡಬೇಕು ಅಂತ ಕೇಳುವುದಕ್ಕೆ. ಇಡೀ ಪುಸ್ತಕ ನಿಂತಿದ್ದ ಕಂಬವನ್ನು ನಾನು ಒಂದು ಕ್ರಿಯಾಪದದಿಂದ ಕಿತ್ತುಹಾಕಿದ್ದೆ.

ಧಾರವಾಡದಲ್ಲಿ ಕಾರ್ಯಾಗಾರ ಇಟ್ಟಿದ್ದರು. ನಾನು ಹಿಂದಿನ ಸಾಲಿನಲ್ಲಿದ್ದೆ. ವಯಸ್ಸಾದ ವಕೀಲರೊಬ್ಬರು 11ನೇ ಪುಟ ತೆರೆದುಕೊಂಡು ಎದ್ದು ನಿಂತರು.

"ಭಾರತ ಒಳಪಟ್ಟೈತಿ ಅಂತ ಬರದೀರಲ್ರೀ, ಯಾವ ತಾರೀಖಿಗೆ ಒಳಪಟ್ಟಿತು?"

ವೇದಿಕೆಯ ಮೇಲಿದ್ದವರು 1997ರ ಅಕ್ಟೋಬರ್ 14 ಅಂದರು.

"ಅದು ಸಹಿ ಹಾಕಿದ ತಾರೀಖು. ನಾ ಕೇಳಿದ್ದು ಒಳಪಟ್ಟ ತಾರೀಖು."

ಯಾರ ಹತ್ತಿರವೂ ಉತ್ತರ ಇರಲಿಲ್ಲ, ಅಂಥ ತಾರೀಖು ಇಲ್ಲವೇ ಇಲ್ಲ. ಪುಸ್ತಕವನ್ನು ಅಲ್ಲೇ ವಾಪಸ್ ತೆಗೆದುಕೊಂಡರು. ಉಳಿದ ಪ್ರತಿಗಳಿಗೆಲ್ಲ ತಿದ್ದುಪಡಿ ಚೀಟಿ ಅಂಟಿಸಬೇಕಾಯಿತು. ನಾನೂ ನನ್ನ ತಂಗಿಯೂ ನಾಲ್ಕು ರಾತ್ರಿ ಗೋಂದು ಹಚ್ಚುತ್ತಾ ಕೂತೆವು. 18,000 ಬರಲಿಲ್ಲ, ಮುಂದಿನ ಐದು ಪುಸ್ತಕಗಳೂ ಬರಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ. ಆ ಪುಸ್ತಕವನ್ನು ನಂಬಿ ಯಾರಾದರೂ ಕೋರ್ಟಿನಲ್ಲಿ ವಾದ ಮಾಡಿದ್ದರೆ ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅವತ್ತು ಮಧ್ಯಾಹ್ನ ಆ ವಕೀಲರೇ ನನ್ನನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಬಯ್ಯುತ್ತಾರೆ ಅಂದುಕೊಂಡಿದ್ದೆ.

"ನಿಮ್ಮ ತಂದಿಯವರು ಹೊಲಾ ಖರೀದಿ ಮಾಡ್ಯಾರೇನ್ರಿ?"

ಮಾಡಿದ್ದಾರೆ ಸರ್, ಎರಡು ಎಕರೆ ಅಂದೆ.

"ಸಂಚಕಾರ ಕೊಟ್ಟ ದಿವಸಾನ ಉತಾರದಾಗ ಅವರ ಹೆಸರು ಬಂತೇನು?"

ನಮ್ಮ ಕಡೆ ಅಡ್ವಾನ್ಸು, ಪಹಣಿ ಅನ್ನುತ್ತೇವೆ. ಆದರೆ ಅವರು ಕೇಳಿದ್ದು ತಕ್ಷಣ ತಲೆಗೆ ಹೋಯಿತು. ಅಪ್ಪ ಅಗ್ರಿಮೆಂಟು ಮಾಡಿಕೊಂಡು ಬಂದ ದಿನ ಅಮ್ಮ ಜಮೀನು ನಮ್ಮದಾಯಿತು ಅಂತ ಪಾಯಸ ಮಾಡಿದ್ದಳು. "ಇನ್ನೂ ಇಲ್ಲ ಕಣೇ, ರಿಜಿಸ್ಟ್ರು ಆಗಬೇಕು, ಆಮೇಲೆ ಪಹಣಿ ನಮ್ಮ ಹೆಸರಿಗೆ ಬರಬೇಕು" ಅಂತ ಅಪ್ಪ ಹೇಳಿದ್ದರು. ನಮ್ಮಪ್ಪನಿಗೆ ಗೊತ್ತಿದ್ದದ್ದು ಎಂ.ಎ. ಮಾಡಿದ ನನಗೆ ಹೊಳೆದಿರಲಿಲ್ಲ.

ದೇಶಗಳದ್ದೂ ಸಾಮಾನ್ಯವಾಗಿ ಹೀಗೇ ಮೂರು ಹೆಜ್ಜೆ. ಸಹಿ ಅಂದರೆ ಅಗ್ರಿಮೆಂಟು, ಮುಂದೆ ಸೇರುವ ಮನಸ್ಸಿದೆ ಅನ್ನುವ ಗುರುತು. ಹಾಗಂತ ಸಹಿಗೆ ಬೆಲೆಯೇ ಇಲ್ಲ ಅಂತಲ್ಲ. ಅಡ್ವಾನ್ಸು ತೆಗೆದುಕೊಂಡವನು ಅದೇ ಹೊಲವನ್ನು ಇನ್ನೊಬ್ಬನಿಗೆ ಮಾರುವ ಹಾಗಿಲ್ಲವಲ್ಲ, ಹಾಗೆಯೇ ಸಹಿ ಹಾಕಿದ ದೇಶ ಆ ಟ್ರೀಟಿಯ ಉದ್ದೇಶವನ್ನೇ ಹಾಳು ಮಾಡುವ ಕೆಲಸಕ್ಕೆ ಕೈ ಹಾಕಬಾರದು. ಎರಡನೆಯದು ರ‍್ಯಾಟಿಫಿಕೇಶನ್. ಕನ್ನಡದಲ್ಲಿ ಅನುಮೋದನೆ ಅನ್ನುತ್ತಾರೆ, ಸ್ಥಿರೀಕರಣ ಅಂತಲೂ ಬರೆಯುತ್ತಾರೆ. ನನಗೆ ಸ್ಥಿರೀಕರಣವೇ ಇಷ್ಟ, ಯಾಕೆಂದರೆ ಅನುಮೋದನೆ ಅನ್ನುವುದನ್ನು ಬಜೆಟ್ಟಿನಿಂದ ಹಿಡಿದು ಬಡಾವಣೆ ನಕ್ಷೆಯವರೆಗೆ ಎಲ್ಲದಕ್ಕೂ ಬಳಸಿಬಿಟ್ಟಿದ್ದೇವೆ. ಇದು ರಿಜಿಸ್ಟ್ರೇಶನ್. ಇದಾದ ಮೇಲೆ, ಟ್ರೀಟಿ ಜಾರಿಯಲ್ಲಿದ್ದರೆ, ದೇಶ ಅದರ ಪಕ್ಷಕಾರ, ಅಂದರೆ ಅದಕ್ಕೆ ಬದ್ಧ. ಮೂರನೆಯದು ಪಹಣಿ, ಅಂದರೆ ದೇಶದೊಳಗೆ ಕಾನೂನು ಮಾಡುವುದು. ಭಾರತದಲ್ಲಿ ಸ್ಥಿರೀಕರಣ ಕೇಂದ್ರ ಸರ್ಕಾರದ ಕೆಲಸ. ಅಮೆರಿಕದಲ್ಲಿ ಸೆನೆಟ್ಟಿನ ಮೂರನೇ ಎರಡರಷ್ಟು ಮತ ಬೇಕಾಗುವ ಹಾಗೆ ಇಲ್ಲಿ ಸಂಸತ್ತಿನ ಮತ ಬೇಕಿಲ್ಲ. ಆದರೆ ಇಲ್ಲಿನ ಕಾನೂನು ಬದಲಾಗಬೇಕಾದರೆ ಸಂಸತ್ತೇ ಕಾಯ್ದೆ ಮಾಡಬೇಕು. ಸಂವಿಧಾನದ 253ನೇ ವಿಧಿ ಇರುವುದು ಅದಕ್ಕೆ. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಮೂರೂ ಹೆಜ್ಜೆ ಕಾಣುತ್ತವೆ: 2007ರ ಮಾರ್ಚ್‌ನಲ್ಲಿ ಸಹಿ, ಅದೇ ವರ್ಷ ಅಕ್ಟೋಬರ್ 1ಕ್ಕೆ ಸ್ಥಿರೀಕರಣ, 2016ರಲ್ಲಿ ಕಾಯ್ದೆ. ಚಿತ್ರಹಿಂಸೆಯ ವಿಷಯದಲ್ಲಿ 2010ರಲ್ಲಿ ಒಂದು ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು, ಕೊನೆಗೆ ಬಿದ್ದುಹೋಯಿತು.

ಈಗ ನಿಮ್ಮ ಪಟ್ಟಿಯ ವಿಷಯ. ಅದನ್ನು ನಾನು ಮಾಡಿಕೊಡುವುದಿಲ್ಲ, ನೀವೂ ಮಾಡಬೇಡಿ. ಟ್ರೀಟಿ ಎಲ್ಲಕ್ಕಿಂತ ದೊಡ್ಡದು, ಅದರ ಕೆಳಗೆ ಅಗ್ರಿಮೆಂಟ್, ಅದರ ಕೆಳಗೆ ಪ್ರೋಟೋಕಾಲ್ ಅನ್ನುವ ಮೆಟ್ಟಿಲು ಇದೆ ಅಂತ ನೀವು ಅಂದುಕೊಂಡಿದ್ದೀರಿ. ಅಂಥ ಮೆಟ್ಟಿಲು ಕಾನೂನಿನಲ್ಲಿ ಇಲ್ಲ. ಟ್ರೀಟಿ ಅಂದರೇನು ಅಂತ ಹೇಳುವುದು 1969ರಲ್ಲಿ ವಿಯೆನ್ನಾದಲ್ಲಿ ಆದ ಒಡಂಬಡಿಕೆ. ಅದರ 2ನೇ ವಿಧಿಯ ಪ್ರಕಾರ ದೇಶ ದೇಶಗಳ ನಡುವೆ, ಬರಹದಲ್ಲಿ, ಅಂತರರಾಷ್ಟ್ರೀಯ ಕಾನೂನಿಗೆ ಒಳಪಟ್ಟು ಆದದ್ದು ಟ್ರೀಟಿ, ಅದಕ್ಕೆ ಇಟ್ಟ ಹೆಸರು ಏನೇ ಇರಲಿ. ಟ್ರೀಟಿಗಳ ಬಗ್ಗೆ ನಿಯಮ ಹೇಳುವ ಈ ದಾಖಲೆಯ ಹೆಸರೇ ಕನ್ವೆನ್ಷನ್.

ಅದಕ್ಕೇ 1960ರ ಸಿಂಧೂ ನದಿ ನೀರಿನ ದಾಖಲೆಯ ತಲೆಬರಹ ಟ್ರೀಟಿ, ಭಾರತ-ಪಾಕಿಸ್ತಾನದ 1972ರ ಶಿಮ್ಲಾದ್ದು ಅಗ್ರಿಮೆಂಟ್, ಹವಾಮಾನದ ಬಗೆಗಿನ 1997ರ ಕ್ಯೋಟೋದ್ದು ಪ್ರೋಟೋಕಾಲ್, 2015ರ ಪ್ಯಾರಿಸ್‌ನದ್ದು ಮತ್ತೆ ಅಗ್ರಿಮೆಂಟ್. ನಾಲ್ಕೂ ಟ್ರೀಟಿಗಳೇ. ಕಳೆದ ವರ್ಷ ಅಮೆರಿಕದಲ್ಲಿ ಓದುತ್ತಿರುವ ತಂಗಿಯ ಮಗ ಫೋನ್ ಮಾಡಿ ಇಲ್ಲಿ ಎಲ್ಲರೂ ಟ್ಯಾಕ್ಸ್ ಟ್ರೀಟಿ ಅನ್ನುತ್ತಾರೆ, ಹುಡುಕಿದರೆ ಆ ಹೆಸರಿನ ದಾಖಲೆ ಸಿಗುತ್ತಿಲ್ಲ ಅಂದ. ಸಿಗುವುದಿಲ್ಲ. ಎರಡೆರಡು ಸಲ ತೆರಿಗೆ ಬೀಳದಂತೆ ಭಾರತ ಮತ್ತು ಅಮೆರಿಕ 1989ರಲ್ಲಿ ಮಾಡಿಕೊಂಡದ್ದರ ಹೆಸರು ಕನ್ವೆನ್ಷನ್. ಸಿಂಗಪುರದ ಜೊತೆಗಿರುವುದು ಅಗ್ರಿಮೆಂಟ್. ಮಾತಿನಲ್ಲಿ ಎರಡೂ ಟ್ಯಾಕ್ಸ್ ಟ್ರೀಟಿ. ಅಲ್ಲಿನ ಭಾರತೀಯ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ಇಲ್ಲದ ರಿಯಾಯಿತಿ, ಸಿಗುವುದು ಆ ಕನ್ವೆನ್ಷನ್ನಿನ 21ನೇ ವಿಧಿಯಿಂದ. ಹೆಸರು ನೋಡಿ ಇದು ಟ್ರೀಟಿಯಲ್ಲ ಅಂತ ಬಿಟ್ಟಿದ್ದರೆ ಅವನಿಗೇ ನಷ್ಟ.

ಇನ್ನು ಟ್ರೀಟಿ ಅಲ್ಲದ್ದು. ಕಾವೇರಿಯ 1892 ಮತ್ತು 1924ರ ಒಪ್ಪಂದಗಳು ಮೈಸೂರು ಮತ್ತು ಮದ್ರಾಸಿನ ನಡುವಿನವು. ಎರಡು ಸ್ವತಂತ್ರ ದೇಶಗಳ ನಡುವಿನವಲ್ಲ, ಆದ್ದರಿಂದ ಈ ಅರ್ಥದಲ್ಲಿ ಟ್ರೀಟಿ ಅಲ್ಲ. ಸಿಂಧೂ ಒಪ್ಪಂದ, ಕಾವೇರಿ ಒಪ್ಪಂದ ಅಂತ ಕನ್ನಡದಲ್ಲಿ ಒಂದೇ ಪದ ಬರುವುದರಿಂದ ಎರಡನ್ನೂ ಒಂದೇ ಪ್ಯಾರಾದಲ್ಲಿ ಟ್ರೀಟಿ ಅಂತ ಬರೆದ ಉತ್ತರಗಳನ್ನು ನೋಡಿದ್ದೇನೆ. ಬಂಡವಾಳ ಹೂಡಿಕೆದಾರರ ಮೇಳದಲ್ಲಿ ಕಂಪನಿಗಳ ಜೊತೆ ರಾಜ್ಯ ಸರ್ಕಾರ "ಒಡಂಬಡಿಕೆಗೆ ಅಂಕಿತ" ಹಾಕುತ್ತದಲ್ಲ, ಅದೂ ಅಲ್ಲ. ಇಂಗ್ಲಿಷಿನಲ್ಲಿ ಮನೆ ಬಾಡಿಗೆಗೆ, ವ್ಯಾಪಾರಕ್ಕೆ, ಇಬ್ಬರು ಗೆಳೆಯರ ಮಾತಿಗೆ ಟ್ರೀಟಿ ಅನ್ನುವ ಪದ ಬಳಸಬೇಡಿ. ಎಂಟ್ರೀಟಿ ಅನ್ನುವ ಇನ್ನೊಂದು ಪದವಿದೆ, ಅಂಗಲಾಚುವುದು ಅಂತ ಅರ್ಥ, ಅದರ ಜೊತೆ ಕಲಸಬೇಡಿ.

ಹಳೆಯ ಕಾಲದಲ್ಲಿ ಬಳಕೆ ಇಷ್ಟು ಬಿಗಿಯಾಗಿರಲಿಲ್ಲ. ಟಿಪ್ಪು 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಮಾಡಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆ, ಒಂದು ದೇಶದ ಜೊತೆಯಲ್ಲ. ಆದರೂ ಇತಿಹಾಸದಲ್ಲಿ ಅದು ಟ್ರೀಟಿ ಆಫ್ ಮಂಗಳೂರ್. 1792ರ ಶ್ರೀರಂಗಪಟ್ಟಣದ್ದೂ ಹಾಗೆ. ಟಿಪ್ಪು ಸೋತು ಕೊಡಬೇಕಾದದ್ದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ. ಒಪ್ಪು ಅನ್ನುವ ಮಾತಿನಿಂದ ಹುಟ್ಟಿದ "ಒಪ್ಪಂದ" ಅಲ್ಲಿ ಕೂರುವಾಗ ನನಗೆ ಯಾವಾಗಲೂ ಸಂಕಟವಾಗುತ್ತದೆ, ಆದರೆ ಬಳಕೆಯಲ್ಲಿ ನಿಂತುಬಿಟ್ಟಿದೆ. ನಮ್ಮ ಶಾಸನಗಳಲ್ಲಿ ಇದಕ್ಕೆ "ಸಂಧಿ" ಇತ್ತು, ಸಂಧಿ ಮತ್ತು ಯುದ್ಧದ ವ್ಯವಹಾರ ನೋಡುವ ಅಧಿಕಾರಿ ಸಂಧಿವಿಗ್ರಹಿ. ಎಷ್ಟು ಒಳ್ಳೆಯ ಪದ! ಇವತ್ತು ಬರೆದರೆ ಓದುವವರಿಗೆ ವ್ಯಾಕರಣವೋ ಮಂಡಿನೋವೋ ನೆನಪಾಗುತ್ತದೆ. ಹಾಗಾಗಿ ನಾನು ಎರಡು ದೇಶಗಳದ್ದಕ್ಕೆ ಒಪ್ಪಂದ, ಹಲವು ದೇಶಗಳು ಸೇರಿದ್ದಕ್ಕೆ ಒಡಂಬಡಿಕೆ ಅಂತ ಬಳಸುತ್ತೇನೆ. ಇದು ನನ್ನ ರೂಢಿ, ಕಾನೂನಲ್ಲ. ಬೇರೆಯವರು ತಿರುಗಿಸಿ ಬಳಸಿದರೂ ತಪ್ಪಲ್ಲ.

ನಾಮಪದದಲ್ಲಿ ಹೆಚ್ಚುಕಡಿಮೆ ಆದರೆ ಓದುಗರು ಸರಿಪಡಿಸಿಕೊಂಡು ಓದುತ್ತಾರೆ. ಕ್ರಿಯಾಪದದಲ್ಲಿ ಆದರೆ ಇತಿಹಾಸವೇ ಬದಲಾಗುತ್ತದೆ. ಅದಕ್ಕೇ ಪಟ್ಟಿ ಮಾಡಲೇಬೇಕು ಅಂದರೆ ಕ್ರಿಯಾಪದಗಳದ್ದು ಮಾಡಿ. ಸೈನ್ ಅಂದರೆ ಸಹಿ ಹಾಕುವುದು. ರ‍್ಯಾಟಿಫೈ ಅಂದರೆ ಸ್ಥಿರೀಕರಿಸುವುದು. ಆಕ್ಸೀಡ್ ಅಂದರೆ ಮೊದಲು ಸಹಿ ಹಾಕದೆ ಆಮೇಲೆ ನೇರವಾಗಿ ಸೇರುವುದು. ಭಾರತ 1992ರ ಡಿಸೆಂಬರ್ 11ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದ್ದು ಹೀಗೆ. ಸಹಿ ಹಾಕಿಲ್ಲ, ಆದರೆ ಬದ್ಧ. ಅಮೆರಿಕ ಅದೇ ಒಡಂಬಡಿಕೆಗೆ 1995ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ, ಹಾಗಾಗಿ ಬದ್ಧವಲ್ಲ. ನಿಮ್ಮ ವಾಕ್ಯದ ತರ್ಕದಲ್ಲಿ ನೋಡಿದರೆ ಎರಡೂ ದೇಶ ಉಲ್ಟಾ ಆಗುತ್ತವೆ. ಎಂಟರ್ ಇನ್ಟು ಫೋರ್ಸ್ ಅಂದರೆ ಜಾರಿಗೆ ಬರುವುದು, ಅದರ ದಿನವೂ ಬೇರೆಯೇ ಇರಬಹುದು. ಸಿಂಧೂ ಒಪ್ಪಂದಕ್ಕೆ ಕರಾಚಿಯಲ್ಲಿ ಸಹಿ ಬಿದ್ದದ್ದು 1960ರ ಸೆಪ್ಟೆಂಬರ್ 19ಕ್ಕೆ, ಅದು ಜಾರಿಗೆ ಬಂದದ್ದಾಗಿ ಎಣಿಸಿದ್ದು ಅದೇ ವರ್ಷದ ಏಪ್ರಿಲ್ 1ರಿಂದ.

ನಿಮ್ಮ ವಾಕ್ಯವನ್ನು ಹೀಗೆ ಬರೆಯಿರಿ: "ಭಾರತವು ಸ್ಥಿರೀಕರಿಸಿದ ಅಥವಾ ನೇರವಾಗಿ ಸೇರಿದ ಟ್ರೀಟಿಗಳು ಜಾರಿಯಲ್ಲಿರುವಾಗ ಅವುಗಳಿಗೆ ಅದು ಬದ್ಧ." ಉದ್ದವಾಯಿತು, ಓಟ ಕಡಿಮೆಯಾಯಿತು, ಪರವಾಗಿಲ್ಲ. ಹಲವು ದೇಶಗಳು ಸೇರಿದ ಟ್ರೀಟಿಯ ಹೆಸರು ಬರೆಯುವ ಮೊದಲು ವಿಶ್ವಸಂಸ್ಥೆಯ ಟ್ರೀಟಿ ಕಲೆಕ್ಷನ್ ತಾಣ ತೆರೆಯಿರಿ. ದೇಶಗಳ ಹೆಸರಿನ ಮುಂದೆ ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ, ಮೊದಲನೆಯದು ಸಹಿಯ ದಿನಾಂಕ, ಎರಡನೆಯದು ಸ್ಥಿರೀಕರಣ ಅಥವಾ ಸೇರ್ಪಡೆಯದ್ದು. ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಯ ಪುಟವನ್ನೇ ಮೊದಲು ನೋಡಿ. ಭಾರತದ ಮುಂದೆ 1997ರ ಅಕ್ಟೋಬರ್ 14 ಅಂತ ಇದೆ, ಪಕ್ಕದ ಕಾಲಂ ಖಾಲಿ.