ಎದೆಯ ಮೇಲಿನ ಕೆಂಪಕ್ಷರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾದಂಬರಿಯ ಬೆನ್ನು ಹತ್ತಿದ್ದವು. ಅದು ನಥಾನಿಯಲ್ ಹಾಥಾರ್ನ್ ಬರೆದು 1850ರಲ್ಲಿ ಪ್ರಕಟವಾದ ‘ದಿ ಸ್ಕಾರ್ಲೆಟ್ ಲೆಟರ್’. ಓದದವರಿಗಾಗಿ ಕಥೆಯ ಎಳೆ ಇಷ್ಟು: 1640ರ ದಶಕದ ಅಮೆರಿಕದ ಬಾಸ್ಟನ್, ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರ ಊರು. ಗಂಡ ಜೊತೆಯಲ್ಲಿಲ್ಲದ ಹೆಸ್ಟರ್ ಪ್ರಿನ್‌ಗೆ ಮಗು ಹುಟ್ಟುತ್ತದೆ. ತಂದೆ ಯಾರೆಂದು ಅವಳು ಬಾಯಿ ಬಿಡುವುದಿಲ್ಲ. ವ್ಯಭಿಚಾರದ ಗುರುತಾಗಿ ಎದೆಯ ಮೇಲೆ ಕೆಂಪು ‘ಎ’ ಅಕ್ಷರ ಧರಿಸಿಯೇ ಬದುಕಬೇಕೆಂದು ಶಿಕ್ಷೆಯಾಗುತ್ತದೆ. ಮಗುವಿನ ತಂದೆ, ಊರೇ ಕೈಮುಗಿಯುವ ಯುವ ಪಾದ್ರಿ ಡಿಮ್ಸ್‌ಡೇಲ್. ಅವಳ ಗಂಡ ಚಿಲ್ಲಿಂಗ್‌ವರ್ತ್ ಎಂಬ ಸುಳ್ಳು ಹೆಸರಿನಲ್ಲಿ ವೈದ್ಯನಾಗಿ ಬಂದು ಪಾದ್ರಿಯ ಜೊತೆಗೇ ಬಿಡಾರ ಹೂಡುತ್ತಾನೆ. ಮಗುವಿನ ಹೆಸರು ಪರ್ಲ್.

ಪರೀಕ್ಷೆಯಲ್ಲಿ ಮಕ್ಕಳು ‘ಎ ಎಂದರೆ ಪಾಪ, ಕೆಂಪು ಎಂದರೆ ರಕ್ತ, ಕಾಡು ಎಂದರೆ ಸ್ವಾತಂತ್ರ್ಯ’ ಎಂದು ಗೈಡಿನಿಂದ ಉರು ಹೊಡೆದು ಬರೆಯುತ್ತಾರೆ. ಇದನ್ನು ಬಿಡಿಸುವುದು ಹೇಗೆ? (ಪದವಿ ಕಾಲೇಜಿನ ಉಪನ್ಯಾಸಕರು, ಶಿವಮೊಗ್ಗ)

ಗೈಡು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಎರಡನೇ ಅಧ್ಯಾಯದಲ್ಲೇ ನಿಂತುಬಿಟ್ಟಿದೆ. ಕಾದಂಬರಿಗೆ 24 ಅಧ್ಯಾಯಗಳಿವೆ. ಬಟ್ಟೆ ಅದೇ ಇದ್ದರೂ ನೋಡುವ ಕಣ್ಣು ಬದಲಾದ ಹಾಗೆ ಅಕ್ಷರದ ಅರ್ಥವೂ ಬದಲಾಗುತ್ತ ಹೋಗುತ್ತದೆ.

ತರಗತಿಯನ್ನು ಪುಸ್ತಕದ ಬದಲು ಅಡಿಕೆ ತೋಟದ ಬೇಲಿಯಿಂದ ಶುರು ಮಾಡಿ. ಸಿಗಂದೂರು ದೇವಿಯ ಕಾವಲಿದೆ ಎಂಬ ಬೋರ್ಡನ್ನು ನಮ್ಮ ಕಡೆಯ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ತಗಡು ಹೋಗಿ ಕಳ್ಳನ ಕೈ ಹಿಡಿಯುವುದಿಲ್ಲ. ಬರೆಸಿದವನೂ ಓದುವವನೂ ಒಂದೇ ದೇವಿಗೆ ಅಂಜುತ್ತಾರೆ, ಅದರಿಂದಲೇ ಆ ಅಕ್ಷರಗಳಿಗೆ ಬಲ. ದೂರದ ಊರಿನವನಿಗೆ ಅದು ಬರೀ ಬೋರ್ಡು. ಇದನ್ನು ಹೇಳಿದ ಮೇಲೆ ನೇರ 22ನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಪೇಟೆಗೆ ಬಂದ ಮೂಲನಿವಾಸಿಗಳು ಹೆಸ್ಟರಳ ಎದೆಯ ಕಸೂತಿಯನ್ನು ದಿಟ್ಟಿಸುತ್ತಾರೆ. ಇಷ್ಟು ಚೆಂದದ ಪದಕ ತೊಟ್ಟವಳು ತನ್ನ ಜನರಲ್ಲಿ ದೊಡ್ಡ ಮನುಷ್ಯಳೇ ಇರಬೇಕು ಎಂದು ಅವರು ಭಾವಿಸಿರಬಹುದು ಎನ್ನುತ್ತಾನೆ ನಿರೂಪಕ. ಒಂದೇ ಸಾಲಿನಲ್ಲಿ ಗೈಡಿನ ಸೂತ್ರ ಮುರಿದುಬೀಳುತ್ತದೆ.

ಆಮೇಲೆ ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ನಾಲ್ಕು ಕಾಲಂ ಎಳೆಸಿ: ಯಾವ ಅಧ್ಯಾಯ, ಯಾರು ನೋಡುತ್ತಿದ್ದಾರೆ, ಎಂಥ ಬೆಳಕು, ಅವರು ಅದನ್ನು ಏನೆಂದು ಓದಿಕೊಂಡರು. ಮೂರನೇ ಕಾಲಂ ಬಿಡಬೇಡಿ, ಹಾಥಾರ್ನ್ ಬೆಳಕನ್ನು ಲೆಕ್ಕ ಹಾಕಿ ಬಳಸುವವನು. 2ನೇ ಅಧ್ಯಾಯದಲ್ಲಿ ಹಾಡಹಗಲು, ಸೆರೆಮನೆ ಬಾಗಿಲಲ್ಲಿ ನೆರೆದ ಹೆಂಗಸರ ಕಣ್ಣು. 7ರಲ್ಲಿ ಗವರ್ನರ್ ಮನೆಯ ಉಬ್ಬಿದ ಉಕ್ಕಿನ ಎದೆಕವಚ. ಅದರ ಹೊಳಪಿನಲ್ಲಿ ಅಕ್ಷರ ದೈತ್ಯಾಕಾರವಾಗಿ ಹೆಸ್ಟರಳನ್ನೇ ಮರೆಮಾಡುತ್ತದೆ. ಅಧಿಕಾರದ ಕನ್ನಡಿಯಲ್ಲಿ ಅವಳು ಕಾಣುವುದೇ ಹಾಗೆ. 12ರಲ್ಲಿ ನಡುರಾತ್ರಿ, ಉಲ್ಕೆಯ ಬೆಳಕು. ಪಾದ್ರಿಗೆ ಆಕಾಶದಲ್ಲಿ ತನ್ನ ಗುಟ್ಟೇ ಬರೆದಂತೆ ಕಂಡರೆ, ಚರ್ಚಿನ ಪರಿಚಾರಕ ಅದನ್ನು ‘ಏಂಜಲ್’ ಎಂದು ಓದುತ್ತಾನೆ, ಅಂದು ರಾತ್ರಿ ತಾನೇ ಗವರ್ನರ್ ವಿಂಥ್ರಾಪ್ ತೀರಿಕೊಂಡಿದ್ದರಿಂದ. 13ರಲ್ಲಿ ಕಾಯಿಲೆಯವರ ಮನೆಯ ದೀಪ. ಏಳು ವರ್ಷ ಅವಳ ಕೈಯಿಂದ ಶುಶ್ರೂಷೆ ಪಡೆದ ಜನ ‘ಎ’ ಎಂದರೆ ‘ಏಬಲ್’, ಗಟ್ಟಿಗಿತ್ತಿ ಎನ್ನತೊಡಗುತ್ತಾರೆ. 15ರಲ್ಲಿ ಪರ್ಲ್ ಕಡಲ ಹುಲ್ಲಿನಿಂದ ಹಸಿರು ‘ಎ’ ಮಾಡಿ ತನ್ನ ಎದೆಗೆ ಅಂಟಿಸಿಕೊಳ್ಳುತ್ತಾಳೆ. ಮಗುವಿಗೆ ಅದು ಮೊದಲಿಗೆ ಅಮ್ಮ ಕಲಿಸಿದ ಅಕ್ಷರ.

ಮಕ್ಕಳು ತಪ್ಪುವುದು ಸಾಮಾನ್ಯವಾಗಿ ನಾಲ್ಕನೇ ಕಾಲಮ್ಮಿನಲ್ಲಿ. ಊರವರ ಮಾತು, ಪಾತ್ರದ ಅನಿಸಿಕೆ, ನಿರೂಪಕನ ಟಿಪ್ಪಣಿ ಮೂರನ್ನೂ ಕಲಸಿ ‘ಲೇಖಕರು ಹೇಳುತ್ತಾರೆ’ ಎಂದು ಬರೆದುಬಿಡುತ್ತಾರೆ. ಮೂರಕ್ಕೆ ಮೂರು ಬಣ್ಣದ ಪೆನ್ನು ಕೊಡಿ. ಇನ್ನೊಂದು ಮಾತು: ‘ವ್ಯಭಿಚಾರ’ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಪದ (‘ಎ’ಯಿಂದ ಶುರುವಾಗುವ ‘ಅಡಲ್ಟರಿ’) ಇಡೀ ಕಾದಂಬರಿಯಲ್ಲಿ ಒಂದು ಸಲವೂ ಬರುವುದಿಲ್ಲ. ಅದನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆಯಬೇಡಿ. ಹಾಥಾರ್ನ್ ಹಿಡಿದಿಟ್ಟುಕೊಂಡದ್ದನ್ನು ನಾವು ಚೆಲ್ಲಬಾರದು.

ಬಟ್ಟೆಯ ಅಕ್ಷರ ಹೊಲಿಸಿ ತಿರುಗಾಡಿಸುವ ಶಿಕ್ಷೆ ನಿಜವಾಗಿ ಇತ್ತೇ? (ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ)

ಇತ್ತು, ಆದರೆ ಕಾದಂಬರಿಯಲ್ಲಿರುವ ಹಾಗೆ ಅಲ್ಲ. ಬಾಸ್ಟನ್ನಿನ ನೆರೆಯ ಪ್ಲಿಮತ್ ವಸಾಹತಿನ 1658ರ ಕಾನೂನು ‘ಎ’ ಮತ್ತು ‘ಡಿ’ ಎಂಬ ಎರಡು ಅಕ್ಷರಗಳನ್ನು ಮೇಲುಡುಪಿನ ತೋಳಿಗೋ ಬೆನ್ನಿಗೋ ಹೊಲಿಯಬೇಕೆಂದಿತು. ಮ್ಯಾಸಚೂಸೆಟ್ಸ್‌ನ 1694ರ ಕಾನೂನಿನಲ್ಲಿ ಎರಡು ಇಂಚು ಉದ್ದದ ಒಂಟಿ ‘ಎ’, ಉಡುಪಿಗೆ ಎದ್ದು ಕಾಣುವ ಬೇರೆ ಬಣ್ಣದ್ದು. ಜೊತೆಗೆ ಕೊರಳಿಗೆ ಹಗ್ಗ ಹಾಕಿಸಿಕೊಂಡು ಗಲ್ಲುಗಂಬದಲ್ಲಿ ಒಂದು ಗಂಟೆ ಕೂರುವುದು, 40 ಮೀರದಂತೆ ಚಾಟಿಯೇಟು. ಕಥೆ ನಡೆಯುವ 1640ರ ದಶಕದ ಬಾಸ್ಟನ್ನಿನಲ್ಲಾದರೋ ಇದಕ್ಕೆ ಮರಣದಂಡನೆ. 1644ರಲ್ಲಿ ಮೇರಿ ಲೇಥಮ್ ಮತ್ತು ಜೇಮ್ಸ್ ಬ್ರಿಟನ್ ಎಂಬಿಬ್ಬರನ್ನು ಗಲ್ಲಿಗೇರಿಸಿದರು. ಗಂಡ ಬಹುಶಃ ಕಡಲಪಾಲಾಗಿದ್ದಾನೆ ಎಂದು ಹೆಸ್ಟರಳಿಗೆ ಸಾವು ತಪ್ಪಿಸಿ, ಮೂರು ಗಂಟೆ ಕಟ್ಟೆಯ ಮೇಲೆ ನಿಲ್ಲುವ ಶಿಕ್ಷೆ ಮತ್ತು ಜೀವನಪೂರ್ತಿ ಅಕ್ಷರ ವಿಧಿಸಿದರು ಎನ್ನುವುದು ಹಾಥಾರ್ನನ ಏರ್ಪಾಟು.

ಇಲ್ಲಿ ಗಮನಿಸಬೇಕಾದ ಬದಲಾವಣೆ ಒಂದಿದೆ. ಕಾನೂನಿನಲ್ಲಿ ಅಕ್ಷರದ ಜಾಗ ತೋಳು, ಬೆನ್ನು. ಕಾದಂಬರಿಯಲ್ಲಿ ಎದೆ. ಅದಕ್ಕೆ ಜೋಡಿಯಾಗಿ ಪಾದ್ರಿಯ ಕೈ ಸದಾ ತನ್ನ ಎದೆಯ ಮೇಲಿರುತ್ತದೆ. ಅಮ್ಮ ಅಕ್ಷರ ಧರಿಸಿದ್ದಕ್ಕೂ ಪಾದ್ರಿ ಎದೆ ಮುಟ್ಟಿಕೊಳ್ಳುವುದಕ್ಕೂ ಕಾರಣ ಒಂದೇ ಎಂದು ಪರ್ಲ್ ಹೇಳುವುದು ಈ ಜೋಡಣೆಯಿಂದ ಸಾಧ್ಯವಾಯಿತು. ಅಕ್ಷರ ಬೆನ್ನಿಗಿದ್ದಿದ್ದರೆ ಕಥೆಯ ಅರ್ಧ ಗಂಟು ಕಟ್ಟುತ್ತಲೇ ಇರಲಿಲ್ಲ.

ನಿಮ್ಮ ಪತ್ರದಲ್ಲಿ ‘ಗಲ್ಲುಗಂಬದ ದೃಶ್ಯಗಳು’ ಎಂದು ಬರೆದಿದ್ದೀರಿ. 2–3, 12, 23ನೇ ಅಧ್ಯಾಯಗಳಲ್ಲಿ ಬರುವುದು ಪೇಟೆ ನಡುವೆ ಜನರೆದುರು ನಿಲ್ಲಿಸಿ ನಾಚಿಸುವ ಮರದ ಕಟ್ಟೆ. ಅಲ್ಲಿ ಯಾರನ್ನೂ ನೇಣಿಗೆ ಹಾಕುವುದಿಲ್ಲ.

ಡಿಮ್ಸ್‌ಡೇಲ್ ಏಳು ವರ್ಷ ಕೊರಗುವ ಬದಲು ಒಂದು ಪ್ರಾಯಶ್ಚಿತ್ತ ಮಾಡಿಕೊಂಡು ಮುಗಿಸಬಹುದಿತ್ತಲ್ಲ? (ಕೊಪ್ಪದ ಹಿರಿಯ ಓದುಗರು)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಕಾದಂಬರಿಯ ತಿರುಳು ಇದೇ.

ನಮ್ಮ ಧರ್ಮಶಾಸ್ತ್ರಗಳಲ್ಲಿ ಪಾಪಕ್ಕೆ ಅಳತೆ ಇದೆ, ಪ್ರಾಯಶ್ಚಿತ್ತಕ್ಕೂ ಅಳತೆ ಇದೆ. ಚಾಂದ್ರಾಯಣವೆಂದರೆ ಚಂದ್ರನ ಕಲೆಯಂತೆ ತುತ್ತುಗಳನ್ನು ಏರಿಸಿ ಇಳಿಸಿ ಒಂದು ತಿಂಗಳು, ಮುಗಿಯಿತೆಂದರೆ ಮುಗಿಯಿತು. ಪ್ಯೂರಿಟನ್ನರಲ್ಲಿ ಈ ಲೆಕ್ಕವಿಲ್ಲ. ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾನೆ, ಉಪವಾಸದಿಂದಲೋ ದಾನದಿಂದಲೋ ಅದನ್ನು ಗಳಿಸಲಾಗದು ಎಂಬುದು ಅವರ ನಂಬಿಕೆ. ಕ್ಯಾಥಲಿಕ್ಕರಂತೆ ಗುರುವಿನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಕ್ಷಮೆ ಪಡೆಯುವ ವ್ಯವಸ್ಥೆಯನ್ನೂ ಅವರು ತಳ್ಳಿಹಾಕಿದ್ದರು. ಉಳಿದದ್ದು ಇಡೀ ಸಭೆಯ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಅಷ್ಟು ಧೈರ್ಯ ಪಾದ್ರಿಗಿಲ್ಲ. ಹಾಗಾಗಿ ಅವನು ಬಾಗಿಲು ಹಾಕಿಕೊಂಡು ತನಗೆ ತಾನೇ ಚಾಟಿ ಬೀಸಿಕೊಳ್ಳುತ್ತಾನೆ, ಉಪವಾಸ ಬೀಳುತ್ತಾನೆ, ರಾತ್ರಿಯಿಡೀ ಎದ್ದಿರುತ್ತಾನೆ. ಅವನ ನಂಬಿಕೆಯ ಪ್ರಕಾರವೇ ಇದರಿಂದ ಏನೂ ತೀರುವುದಿಲ್ಲ. ವೇದಿಕೆಯಿಂದ ‘ನಾನು ಪಾಪಿಗಳಲ್ಲಿ ಪಾಪಿ’ ಎಂದರೆ ಜನ ವಿನಯವೆಂದುಕೊಂಡು ಇನ್ನಷ್ಟು ಪೂಜಿಸುತ್ತಾರೆ. ಹೆಸರು, ಕೃತ್ಯ ಹೇಳದ ತಪ್ಪೊಪ್ಪಿಗೆ ಸುಳ್ಳಿನಷ್ಟೇ ಕೆಲಸ ಮಾಡುತ್ತದೆ ಎಂಬುದು ಅವನಿಗೂ ಗೊತ್ತು.

ಇಲ್ಲಿ ಮಲೆನಾಡಿನ ಓದುಗರಿಗೆ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ನೆನಪಾಗುವುದು ಸಹಜ. ಹೋಲಿಸಿ, ಆದರೆ ಪಾತ್ರಕ್ಕೆ ಪಾತ್ರ ಕೂಡಿಸಬೇಡಿ. ಆಚಾರ್ಯರು ಚಂದ್ರಿಯೊಡನೆ ಕೂಡಿದ ಮೇಲೆ ಅಗ್ರಹಾರ ಬಿಟ್ಟು ನಡೆಯುತ್ತಾರೆ, ಮೇಳಿಗೆಯ ಜಾತ್ರೆಯ ಜನರ ನಡುವೆ ಅಲೆಯುತ್ತಾರೆ. ಪಾದ್ರಿ ಊರು ಬಿಡಲಾರ. ಹೆಸ್ಟರಳಿಗಂತೂ ಹೋಗಬೇಡ ಎಂದವರಿಲ್ಲ; ಅವಳೇ ಉಳಿಯುತ್ತಾಳೆ. ಘಟಶ್ರಾದ್ಧದಲ್ಲಿ ಬದುಕಿರುವವಳನ್ನು ಸತ್ತವಳ ಲೆಕ್ಕಕ್ಕೆ ಹಾಕಿ ಹೊರಗಟ್ಟುತ್ತಾರೆ. ಬಾಸ್ಟನ್ನು ತನ್ನ ಪಾಪಿಯನ್ನು ಕಣ್ಣೆದುರೇ ಇಟ್ಟುಕೊಂಡು ಅವಳಿಂದ ಬಟ್ಟೆ ಹೊಲಿಸಿಕೊಳ್ಳುತ್ತದೆ. ಗವರ್ನರನ ಕೊರಳಪಟ್ಟಿ, ಕೂಸಿನ ಟೋಪಿ, ಹೆಣದ ಬಟ್ಟೆ ಎಲ್ಲಕ್ಕೂ ಅವಳ ಸೂಜಿ ಬೇಕು, ಮದುಮಗಳ ಮುಸುಕಿಗೆ ಮಾತ್ರ ಬೇಡ. ಐದನೇ ಅಧ್ಯಾಯದ ಈ ವಿವರ ಪುಟಗಟ್ಟಲೆ ಉಪದೇಶಕ್ಕಿಂತ ಭಾರ.

ಕನ್ನಡದಲ್ಲಿ ‘ಪಾಪ’ ಎಂದರೆ ದುಷ್ಕೃತ್ಯವೂ ಹೌದು, ‘ಪಾಪ, ಆ ಹುಡುಗಿ’ ಎನ್ನುವಾಗ ಮರುಕವೂ ಹೌದು. ಬಾಸ್ಟನ್ನಿನ ಜನ ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಏಳು ವರ್ಷ ಹಿಡಿಯಿತು.

ಕಾಡೆಂದರೆ ಅವರಿಗೆ ಅಷ್ಟು ಭಯವೇಕೆ? (ಹೊಸನಗರ)

ಪ್ಯೂರಿಟನ್ನರಿಗೆ ಕಾಡು ಸೈತಾನನ ಸೀಮೆ. ಕಾದಂಬರಿಯ ‘ಕಪ್ಪು ಮನುಷ್ಯ’ ಅಲ್ಲೇ ಜನರ ಸಹಿ ಹಾಕಿಸಿಕೊಳ್ಳುವುದು. ನಮ್ಮ ಕಾನು, ಚೌಡಿ ಬನಗಳ ನೆನಪಿಟ್ಟುಕೊಂಡು ಓದಿದರೆ ದಾರಿ ತಪ್ಪುತ್ತದೆ. ಅಲ್ಲೂ ಅಂಜಿಕೆ ಇದೆ, ಆದರೆ ಒಳಗಿರುವುದು ದೈವ. 18ನೇ ಅಧ್ಯಾಯದಲ್ಲಿ ಹೆಸ್ಟರ್ ಅಕ್ಷರ ಬಿಚ್ಚಿ ಎಸೆದಾಗ ಕಾಡಿಗೆ ಬಿಸಿಲು ಸುರಿಯುತ್ತದೆ ನಿಜ, ಆದರೆ ಎಸೆದ ಅಕ್ಷರ ಹಳ್ಳದ ನೀರಿಗೆ ಬೀಳದೆ ಒಂದು ಅಂಗೈಯಗಲ ಈಚೆಗೇ ಉಳಿಯುತ್ತದೆ. ಮುಂದಿನ ಅಧ್ಯಾಯದಲ್ಲಿ, ಅಮ್ಮ ಅದನ್ನು ಮತ್ತೆ ತೊಡುವ ತನಕ ಪರ್ಲ್ ಹಳ್ಳ ದಾಟುವುದಿಲ್ಲ. ‘ಕಾಡು ಎಂದರೆ ಸ್ವಾತಂತ್ರ್ಯ’ ಎಂದು ಬರೆಯುವವರು ಈ ಎರಡು ಸಂಗತಿ ಬಿಟ್ಟಿರುತ್ತಾರೆ.

ಆರಂಭದ ‘ಕಸ್ಟಮ್ ಹೌಸ್’ ಭಾಗ ಓದಲೇಬೇಕೇ? (ಭದ್ರಾವತಿ)

ಮೊದಲ ಓದಿಗೆ ಬಿಡಿ, ಮುಗಿಸಿದ ಮೇಲೆ ಓದಿ. ಹಾಥಾರ್ನ್ 1846ರಿಂದ 1849ರವರೆಗೆ ಅಮೆರಿಕದ ಸೇಲಂನ ಸುಂಕದ ಕಚೇರಿಯಲ್ಲಿದ್ದದ್ದು ನಿಜ. ಅದರ ಮಹಡಿಯಲ್ಲಿ ಹಳೇ ಬಟ್ಟೆಯ ಅಕ್ಷರ ಸಿಕ್ಕಿತೆಂಬುದು ಕಟ್ಟುಕಥೆ. ಅವನ ಪೂರ್ವಜ ಜಾನ್ ಹಾಥಾರ್ನ್ 1692ರ ಸೇಲಂ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲೊಬ್ಬ. ಹಿರಿಯರ ಆ ನಾಚಿಕೆಯನ್ನು ತನ್ನ ಮೇಲೆ ತೆಗೆದುಕೊಳ್ಳುತ್ತೇನೆ ಎಂದು ಅವನು ಬರೆದಿರುವುದು ಈ ಭಾಗದಲ್ಲೇ.

ನಮ್ಮ ಹವ್ಯಾಸಿ ತಂಡ ಇದನ್ನು ಕನ್ನಡದಲ್ಲಿ ಆಡಬೇಕೆಂದಿದೆ. ಅಕ್ಷರ ಯಾವುದಿರಬೇಕು, ಎಷ್ಟು ದೊಡ್ಡದಿರಬೇಕು? (ಸಾಗರ ತಾಲ್ಲೂಕು)

‘ಹಾದರ’ದ ‘ಹಾ’ ಬೇಡ, ‘ವ್ಯಭಿಚಾರ’ದ ‘ವ್ಯ’ ಬೇಡ. ಎರಡಕ್ಕೂ ಒಂದೇ ಅರ್ಥ, ಆಮೇಲೆ ಬೆಳೆಯಲು ಜಾಗವಿಲ್ಲ. ಅಚ್ಚಿನ ಅನುವಾದಕ್ಕಾದರೆ ‘ಎ’ ಸಾಕು. ರಂಗಕ್ಕೆ ‘ಅ’ ಇಡಿ. ಮೊದಲ ದೃಶ್ಯದಲ್ಲಿ ಅದು ‘ಅನಾಚಾರ’. ಉಲ್ಕೆಯ ರಾತ್ರಿ ಪರಿಚಾರಕ ‘ಗವರ್ನರು ಅಮರರಾದರು’ ಎನ್ನಬಹುದು. ರೋಗಿಗಳ ಬಾಯಲ್ಲಿ ಅದು ‘ಅಕ್ಕ’. ಪರ್ಲ್‌ಗೆ ಅಕ್ಕಿಯ ಮೇಲೆ ಬೆರಳಿಟ್ಟು ಬರೆದ ಮೊದಲ ಅಕ್ಷರ.

ಹಾಥಾರ್ನ್ ಕೊಟ್ಟ ಅಳತೆ, ಒಂದೊಂದು ಗೀಟೂ 3.25 ಇಂಚು. ಅದು ಕೊನೆಯ ಸಾಲಿಗೆ ಕಾಣುವುದಿಲ್ಲ. 6ರಿಂದ 7 ಇಂಚು ಮಾಡಿ, ಸಭಾಂಗಣದ ಹಿಂದೆ ನಿಂತು ನೋಡಿಯೇ ನಿರ್ಧರಿಸಿ. ಕೆಂಪು ಬಟ್ಟೆಯ ಒಳಗೆ ಬಕ್ರಂ ಎಂಬ ಬಿರುಸು ಬಟ್ಟೆ ಕೊಡಿ, ಇಲ್ಲದಿದ್ದರೆ ಎರಡನೇ ದೃಶ್ಯಕ್ಕೇ ಮುದುಡುತ್ತದೆ. ಚಿನ್ನದ ಜರಿ ಅಂಚಿಗೆ ಮಾತ್ರ. ಒಳಗೆಲ್ಲ ತುಂಬಿದರೆ ದೀಪ ಬಿದ್ದಾಗ ಹೊಳಪಿನಲ್ಲಿ ಆಕಾರವೇ ಕರಗುತ್ತದೆ. ಉಡುಪು ಒರಟಾದ ಬೂದುಬಣ್ಣದ್ದಿರಲಿ. ಕಾಡಿನ ದೃಶ್ಯದಲ್ಲಿ ಬಿಚ್ಚಬೇಕಾದ್ದರಿಂದ ಹೊಲಿಯಬೇಡಿ, ಒಂದೇ ಕೈಯಲ್ಲಿ ಬಿಚ್ಚಿ ಹಾಕಲು ಬರುವಂತೆ ಎರಡು ಟಿಚ್ ಬಟನ್ ಇಡಿ.

ಕಾಡೆಂದು ನಟಿಯ ಮೇಲೆ ಹಸಿರು ದೀಪ ಬಿಡಬೇಡಿ. ಹಸಿರು ಬೆಳಕಿಗೆ ಕೆಂಪು ಬಟ್ಟೆ ಕಪ್ಪಾಗಿ ಕಾಣುತ್ತದೆ, ಇಡೀ ನಾಟಕದ ಬಣ್ಣವೇ ಆ ಹೊತ್ತಿನಲ್ಲಿ ಸತ್ತಂತಾಗುತ್ತದೆ. ಹಸಿರು ಹಿಂಪರದೆಗಿರಲಿ, ಅವಳ ಮೇಲೆ ಹಳದಿ ಮಿಶ್ರಿತ ಬಿಳಿ ಬೆಳಕು ಸಾಕು.

ಕೊನೆಯ ಕಟ್ಟೆಯ ದೃಶ್ಯದಲ್ಲಿ ಪಾದ್ರಿ ಅಂಗಿ ಹರಿದು ಎದೆ ತೋರಿಸುತ್ತಾನೆ. ಅಲ್ಲಿ ಅಕ್ಷರವಿತ್ತು ಎಂದವರುಂಟು, ಏನೂ ಇರಲಿಲ್ಲ ಎಂದವರೂ ಉಂಟು. ಇತ್ತೆಂದವರು ಕೂಡ ಅದು ಸ್ವಂತ ಗಾಯವೋ, ವೈದ್ಯನ ಮದ್ದಿನ ಕೆಲಸವೋ, ಪಶ್ಚಾತ್ತಾಪ ಒಳಗಿನಿಂದ ಕೊರೆದು ಹೊರಬಂದದ್ದೋ ಎಂದು ಒಮ್ಮತಕ್ಕೆ ಬರಲಿಲ್ಲ. ಆದ್ದರಿಂದ ನಟನ ಎದೆಗೆ ಬಣ್ಣ ಬಳಿಯಬೇಡಿ. ಅವನು ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು ಅಂಗಿ ಸರಿಸಲಿ. ವೇದಿಕೆಯ ಮೇಲಿನ ಊರವರು ನೋಡಲಿ, ಕಂಡದ್ದೇನೆಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳಲಿ.