ಕಾಣದ ಸೈನಿಕನಿಗೊಂದು ದೀಪ

ಪ್ರಶ್ನೆ: ನಾನು ಕಾರವಾರದ ನಿವೃತ್ತ ಶಿಕ್ಷಕಿ. 2007ರಲ್ಲಿ ಮಗ ಮನೆಗೆ ಇಂಟರ್ನೆಟ್ ಹಾಕಿಸಿಕೊಟ್ಟ ಹೊಸತರಲ್ಲಿ, ಇರಾಕ್ ಯುದ್ಧದಲ್ಲಿದ್ದ ಅಮೆರಿಕದ ಮೇಜರ್ ಆಂಡ್ರ್ಯೂ ಓಲ್ಮ್‌ಸ್ಟೆಡ್ ಅವರು ಅಲ್ಲಿಂದಲೇ ಬರೆದು ಪ್ರಕಟಿಸುತ್ತಿದ್ದ ಬರಹಗಳು ಕಣ್ಣಿಗೆ ಬಿದ್ದವು. ಕ್ರಮೇಣ ಅವನ್ನು ಓದುವುದೇ ರೂಢಿಯಾಯಿತು. 2008ರ ಜನವರಿ 3ರಂದು ಅವರು ಅಲ್ಲಿಯೇ ಮಡಿದರು. ಅಂದಿನಿಂದ ಪ್ರತಿವರ್ಷ ಆ ದಿನ ಸಂಜೆ ಅವರ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತೇನೆ. "ನಮ್ಮ ಸೈನಿಕರೇ ಇಷ್ಟು ಜನ ಮಡಿದಿರುವಾಗ, ಮುಖ ಕಾಣದ ಪರದೇಶದವನಿಗೆ ದೀಪವೇಕೆ?" ಎಂದು ಮನೆಯಲ್ಲಿ ಕೇಳುತ್ತಾರೆ. ಈ ಬಾರಿ ನಮ್ಮ ಓದುಗರ ಬಳಗದಲ್ಲಿ ಅವರನ್ನು ನೆನೆದು, ಅವರ ಕೊನೆಯ ಬರಹವನ್ನು ಕನ್ನಡಕ್ಕೆ ತಂದು ಅಚ್ಚುಹಾಕಿಸಿ ಹಂಚಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ದೀಪ ಹಚ್ಚುವುದನ್ನು ನಿಲ್ಲಿಸಬೇಡಿ. ಮನೆಯವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಉತ್ತರ ನೀವು ದಿನವೂ ವಾಕಿಂಗ್ ಹೋಗುವ ಕಡಲತೀರದಲ್ಲಿಯೇ ಇದೆ.

ಆ ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟಿರುವುದು ಕೇವಲ ಗೌರವಕ್ಕಲ್ಲ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತು ದಾಟಿದ್ದ ರವೀಂದ್ರರು ಬಂದು ಅವರ ಮನೆಯಲ್ಲಿ ತಂಗಿದ್ದರು; ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಬಂದ ಬೆಳದಿಂಗಳ ರಾತ್ರಿಯೊಂದನ್ನು ವಯಸ್ಸಾದ ಮೇಲೂ ನೆನೆದು ಬರೆದರು. ಇಷ್ಟು ನಿಮಗೆ ಗೊತ್ತಿದ್ದೀತು. ಇದರ ಮುಂದಿನ ಕೊಂಡಿಯೊಂದು ನಮ್ಮ ಜಿಲ್ಲೆಯಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಇಂಗ್ಲೆಂಡಿನ ಸೈನಿಕ ಕವಿ ವಿಲ್ಫ್ರೆಡ್ ಓವನ್ ಮೊದಲ ಮಹಾಯುದ್ಧದಲ್ಲಿ, 1918ರ ನವೆಂಬರ್ 4ರಂದು, ತಮ್ಮ 25ನೆಯ ವಯಸ್ಸಿನಲ್ಲಿ ಫ್ರಾನ್ಸಿನಲ್ಲಿ ಮಡಿದರು. ಸಾವಿನ ತಂತಿ ಮನೆಗೆ ಮುಟ್ಟಿದ್ದು ನವೆಂಬರ್ 11ರಂದು, ಅಂದರೆ ಯುದ್ಧ ಮುಗಿಯಿತೆಂದು ಊರಿನಲ್ಲಿ ಗಂಟೆಗಳು ಮೊಳಗುತ್ತಿದ್ದ ದಿನವೇ. ಎರಡು ವರ್ಷದ ಬಳಿಕ ಅವರ ತಾಯಿ ಟ್ಯಾಗೋರರಿಗೆ ಒಂದು ಪತ್ರ ಬರೆದರು. ಕೊನೆಯ ಬಾರಿ ಮನೆ ಬಿಟ್ಟು ಹೊರಟ ದಿನ, ಬಿಸಿಲಿಗೆ ಹೊಳೆಯುತ್ತಿದ್ದ ಕಡಲಿನಾಚೆ ಫ್ರಾನ್ಸಿನ ಕಡೆ ನೋಡುತ್ತ ನಿಂತಿದ್ದಾಗ ಮಗ ಟ್ಯಾಗೋರರ ಕವಿತೆಯ ಸಾಲೊಂದನ್ನು ಹೇಳಿದನೆಂದೂ, ಸತ್ತ ಮೇಲೆ ಅವನ ಜೇಬಿನ ಪುಸ್ತಕ ಮನೆಗೆ ಬಂದಾಗ ಅದರಲ್ಲಿ ಅದೇ ಸಾಲು ಅವನ ಕೈಬರಹದಲ್ಲಿ, ಕೆಳಗೆ ಟ್ಯಾಗೋರರ ಹೆಸರಿನೊಡನೆ ಇತ್ತೆಂದೂ ತಿಳಿಸಿ, ಆ ಕವಿತೆ ಪೂರ್ತಿಯಾಗಿ ಯಾವ ಪುಸ್ತಕದಲ್ಲಿ ಸಿಗುತ್ತದೆಂದು ಆ ತಾಯಿ ಕೇಳಿದ್ದರು. ಕಾರವಾರದ ಮರಳಿನಲ್ಲಿ ನಡೆದಾಡಿದ್ದ ಬಂಗಾಳಿಯೊಬ್ಬರ ಮಾತನ್ನು ಇಂಗ್ಲಿಷ್ ಸಿಪಾಯಿಯೊಬ್ಬ ಕಂದಕದಾಚೆಗೆ ಹೊತ್ತು ಹೋಗಿದ್ದನೆಂದ ಮೇಲೆ, ಅಮೆರಿಕದ ಮೇಜರರೊಬ್ಬರ ಮಾತು ಕಾರವಾರದ ಟೀಚರಮ್ಮನವರ ಮನೆಯಲ್ಲಿ ಹದಿನೆಂಟು ವರ್ಷ ಉಳಿದುದರಲ್ಲಿ ವಿಚಿತ್ರವೇನಿದೆ?

ಇನ್ನು ನಮ್ಮವರ ಮಾತು. ಅದೇ ತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ಮೂರ್ತಿ ಚೆಂಡಿಯಾ ಮೂಲದ ಮೇಜರ್ ರಾಮ ರಾಘೋಬ ರಾಣೆಯವರದು. 1948ರ ಏಪ್ರಿಲಿನಲ್ಲಿ ನೌಶೇರಾ-ರಾಜೌರಿ ದಾರಿಯ ನೆಲಬಾಂಬುಗಳನ್ನು ಗುಂಡಿನ ಸುರಿಮಳೆಯ ನಡುವೆ ತೆಗೆದು ಪರಮವೀರ ಚಕ್ರ ಪಡೆದವರು. ಅವರಿಗೂ ಒಂದು ಹೂವಿಡಿ. ಒಬ್ಬರನ್ನು ನೆನೆದರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದಕ್ಕೆ ನೆನಪೇನು ತೋಟದ ಹಿಸ್ಸೆಯೇ?

ನಿಜವಾಗಿ ಯೋಚಿಸಬೇಕಾದದ್ದು ಕಾರ್ಯಕ್ರಮದ ಬಗ್ಗೆ. ಓಲ್ಮ್‌ಸ್ಟೆಡ್ ಅವರು ಇರಾಕಿನ ಪಡೆಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದರು. ದಿಯಾಲಾ ಪ್ರಾಂತದಲ್ಲಿ ಗುಂಡೇಟಿಗೆ ಬಲಿಯಾದರು. ತಾವು ಸತ್ತರೆ ಮಾತ್ರ ಪ್ರಕಟವಾಗಬೇಕೆಂದು ಮೊದಲೇ ಬರೆದು ಸ್ನೇಹಿತೆಯೊಬ್ಬರ ವಶಕ್ಕೆ ಕೊಟ್ಟಿದ್ದ ಬರಹವು ಮರುದಿನವೇ ಬೆಳಕಿಗೆ ಬಂತು. ನೀವು ಅದನ್ನು ಓದಿರುವುದರಿಂದ ಅದರಲ್ಲಿನ ಎರಡು ಕೋರಿಕೆಗಳನ್ನು ನೆನಪಿಸಿದರೆ ಸಾಕು. ಒಂದು, ಅತ್ತರೆ ತಾನು ಮರಳಿ ಬರುವುದಿಲ್ಲವಾದ್ದರಿಂದ ಗೋಳಾಡದೆ ತನ್ನಲ್ಲಿದ್ದ ಒಳ್ಳೆಯದನ್ನು ನೆನೆಯಿರಿ ಎಂಬುದು. ಇನ್ನೊಂದು ಹೆಚ್ಚು ಕಠಿಣವಾದುದು: ಯುದ್ಧ ಸರಿಯೆನ್ನುವವರಾಗಲಿ ತಪ್ಪೆನ್ನುವವರಾಗಲಿ ತನ್ನ ಸಾವನ್ನು ತಮ್ಮ ವಾದಕ್ಕೆ ಸಾಕ್ಷಿಯಾಗಿ ಎಳೆದು ತರಬಾರದು. ರಾಜಕೀಯವನ್ನು ಕುರಿತು ಧಾರಾಳವಾಗಿ ಬರೆಯುತ್ತಿದ್ದ ಮನುಷ್ಯ ತಮ್ಮ ಸಾವನ್ನು ಮಾತ್ರ ಅದರಿಂದ ಹೊರಗಿಡಿ ಎಂದು ಕೇಳಿಕೊಂಡರೆಂಬುದು ನನ್ನ ಮಟ್ಟಿಗೆ ಆ ಬರಹದ ಅತ್ಯಂತ ತೂಕದ ಭಾಗ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸಭೆ ಮಾಡಿ, ಆದರೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ಮೈಕು ಯಾವುದೂ ಬೇಡ. (ಈಚೆಗೆ ಶ್ರದ್ಧಾಂಜಲಿ ಬ್ಯಾನರುಗಳಲ್ಲಿ ಸತ್ತವರ ಚಿತ್ರಕ್ಕಿಂತ ಹಾಕಿಸಿದವರ ಚಿತ್ರವೇ ದೊಡ್ಡದಾಗಿರುತ್ತದೆ.) ಅಮೆರಿಕ ಇರಾಕಿಗೆ ಹೋದದ್ದು ಸರಿಯೇ ತಪ್ಪೇ ಎಂಬ ಚರ್ಚೆ ಅವಶ್ಯ ನಡೆಯಬೇಕಾದದ್ದೇ, ಆ ಯುದ್ಧದಲ್ಲಿ ಸತ್ತ ಇರಾಕಿನ ಜನಸಾಮಾನ್ಯರ ಲೆಕ್ಕವೂ ಅದರಲ್ಲಿ ಬರಬೇಕು, ಅದನ್ನು ಬೇರೆ ದಿನ ಇಟ್ಟುಕೊಳ್ಳಿ. ಜನವರಿ 3ರಂದು ಅವರು ಬದುಕಿದ್ದಾಗ ಬರೆದದ್ದನ್ನು ಓದಿ. ಕೊನೆಯ ಬರಹವೊಂದನ್ನೇ ಓದಿದರೆ ಅವರು ಸಾಯುವುದಕ್ಕೆಂದೇ ಹುಟ್ಟಿದವರಂತೆ ಕಾಣುತ್ತಾರೆ.

ಅನುವಾದಕ್ಕೆ ಮಾತ್ರ ಕಾನೂನಿನ ತೊಡಕಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. ಅನುವಾದದ ಹಕ್ಕೂ ಅದರೊಳಗೇ ಸೇರಿದೆ. ಅಂದರೆ 2068 ಮುಗಿಯುವವರೆಗೆ ಅನುಮತಿಯಿಲ್ಲದೆ ಇಡೀ ಬರಹವನ್ನು ಕನ್ನಡಿಸಿ ಅಚ್ಚುಹಾಕಿಸಿ ಹಂಚುವಂತಿಲ್ಲ. ಪ್ರಕಟವಾದ ಕೃತಿಯಿಂದ ಮಿತವಾದ ಭಾಗವನ್ನು ಸಭೆಯಲ್ಲಿ ಓದಿ ಹೇಳಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ. ಅವರ ಬಗ್ಗೆ ನಿಮ್ಮ ಮಾತಿನಲ್ಲಿ ಬರೆದು ಹಂಚಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಬಳಗದವರಿಗೆ ಬೇಕಾಗಿರುವುದೂ ಅದೇ ಎಂದು ತೋರುತ್ತದೆ. ನೀವು ಓದಿಟ್ಟುಕೊಂಡ ಬರಹಗಳ ಒಂದು ಮುದ್ರಿತ ಪ್ರತಿಯನ್ನು ನಿಮಗಾಗಿ ಮನೆಯಲ್ಲಿಟ್ಟುಕೊಳ್ಳಿ. ಅವರು ಇರಾಕಿನಿಂದ ಬರೆಯುತ್ತಿದ್ದ ರಾಕಿ ಮೌಂಟನ್ ನ್ಯೂಸ್ ಪತ್ರಿಕೆ, ಅವರು ಸತ್ತ ಮರುವರ್ಷ, 2009ರ ಫೆಬ್ರವರಿಯಲ್ಲಿ, ಬಾಗಿಲು ಹಾಕಿತು. ಪರದೆಯ ಮೇಲಿನದು ಶಾಶ್ವತವೆಂದು ನಂಬಿ ಕೂರುವಂತಿಲ್ಲ.

ಪ್ರಶ್ನೆ: ನನ್ನ ಚಿಕ್ಕಪ್ಪ 1971ರ ಯುದ್ಧದಲ್ಲಿ ಮಡಿದವರು. ಅವರು ಬರೆದ ಇನ್‌ಲ್ಯಾಂಡ್ ಪತ್ರಗಳು ನಮ್ಮ ಮನೆಯ ಟ್ರಂಕಿನಲ್ಲಿ ಮಡಿಕೆಯ ಜಾಗದಲ್ಲಿ ಹರಿಯತೊಡಗಿವೆ. ಲ್ಯಾಮಿನೇಷನ್ ಮಾಡಿಸಲೇ? (ಓದುಗರು, ಶಿರಸಿ ತಾಲೂಕು)

ಉತ್ತರ: ಖಂಡಿತ ಬೇಡ. ಬಿಸಿಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬಾರದು. ಸೆಲೋಟೇಪೂ ಬೇಡ, ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಬೇಸಿಗೆಯ ಒಣ ದಿನ ನೋಡಿ, ನೆರಳಿನಲ್ಲಿ ಪತ್ರಗಳನ್ನು ಬಿಡಿಸಿ, ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ಆಮೇಲೆ ಮಡಚದೆ, ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿಡಿ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು, ಒರಲೆಗೆ ಒಂದು ರಾತ್ರಿ ಸಾಕು.

ಪತ್ರಗಳಲ್ಲಿ ಊರಿನ ಹೆಸರಿಲ್ಲದೆ '56 ಎ.ಪಿ.ಓ.' ಎಂದಷ್ಟೇ ಇದ್ದರೆ ಗಾಬರಿಯಾಗಬೇಡಿ. ಅದು ಸೇನಾ ಅಂಚೆಯ ವಿಳಾಸ, ಪಡೆ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯದಿರಲೆಂದು ಮಾಡಿದ ಏರ್ಪಾಡು. ಸ್ಥಳಕ್ಕಿಂತ ಜನರನ್ನು ಗುರುತಿಸುವುದು ಈಗ ಅವಸರದ ಕೆಲಸ. 'ಮಾಣಿಗೆ ಶಾಲೆ ತಪ್ಪಿಸಬೇಡ ಎನ್ನಿ' ಎಂಬಂಥ ಸಾಲಿದ್ದರೆ ಆ ಮಾಣಿ ಯಾರು, ಯಾವ ಮನೆಯವನು ಎಂಬುದನ್ನು ಚಿಕ್ಕಪ್ಪನ ಓರಗೆಯವರು ಯಾರಿದ್ದಾರೋ ಅವರ ಬಳಿ ಕೂತು ಕೇಳಿ, ಪತ್ರದ ಮೇಲಲ್ಲ, ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಆ ಮಾಣಿ ನೀವೇ ಆಗಿದ್ದರೂ ಇರಬಹುದು.